ಗಾಜಿನ ತೊಟ್ಟಿಗೆ ಸಲೈನ್ ಹಚ್ಚಿದ ಸಿಸ್ಟರಮ್ಮ

ಬೇರೆಯವರ ಬಾಯಿಂದ ಕೇಳಿ ನೀವು ನಗುವ ಮೊದಲು ನಾನೇ ಹೇಳಿಬಿಡುತ್ತೇನೆ: ಕೊಟ್ಟೂರಿನಲ್ಲಿ ಮೀನುಗಳಿಗೆ ಕುಡಿಸಿ ಅಮಲೇರಿಸಿದವನು ನಾನೇ. ಕುಡಿಯುವವರಿಗೆ ನಮ್ಮೂರಲ್ಲಿ ಬರವಿಲ್ಲ. ಕುಡಿಸುವವರಿಗೂ ಇಲ್ಲ, ಚುನಾವಣೆ ಬಂದಾಗಲಂತೂ ಇಲ್ಲವೇ ಇಲ್ಲ. ಆದರೆ ತಮ್ಮ ಪಾಡಿಗೆ ತಾವು ನೀರಲ್ಲಿ ತಿರುಗಾಡಿಕೊಂಡಿದ್ದ ಗಪ್ಪಿ ಮೀನುಗಳನ್ನು ಹಾಡುಹಗಲೇ ತೂರಾಡಿಸಿದ ಕೀರ್ತಿ ನನ್ನೊಬ್ಬನದು. ಅದೂ ಯಾರ ಮೀನು? ಸಿಸ್ಟರಮ್ಮನ ಮೀನು. ಊರಿನ ಅರ್ಧ ಜನ ಯಾರ ಹೆಸರು ಕೇಳಿದರೆ ಸೊಂಟದ ಕೆಳಗೆ ಕೈಯಿಟ್ಟುಕೊಳ್ಳುತ್ತಾರೋ ಆ ಸಿಸ್ಟರಮ್ಮನ ಮೀನು.

ಹೋದ ತಿಂಗಳು ಅವರು ನಮ್ಮೂರ ನರ್ಸಿಂಗ್ ಹೋಮಿನ ನರ್ಸ್ ಕೆಲಸ ಬಿಟ್ಟು ತವರೂರು ಹಂಪಸಾಗರಕ್ಕೆ ಹೋದರು. ಬೀಳ್ಕೊಡುಗೆಯ ದಿನ ಎಲ್ಲರೂ ಸೇರಿ ನನ್ನ ಕೈಯಲ್ಲಿ ಅವರದೇ ಮಿಮಿಕ್ರಿ ಮಾಡಿಸಿದರು. ಟವೆಲನ್ನು ಸೆರಗು ಮಾಡಿಕೊಂಡು, ವಾಚನ್ನು ಅವರ ಹಾಗೇ ಮಣಿಕಟ್ಟಿನ ಒಳಮಗ್ಗುಲಿಗೆ ತಿರುಗಿಸಿ, ಚಪ್ಪಲಿ ಟಪಟಪ ಬಡಿಯುತ್ತ ಬಂದು "ಹ್ಞೂಂ, ತಿರುಗಿ ಮಲ್ಕೋ" ಅಂದೆ. ಮುಂದಿನ ಸಾಲಿನಲ್ಲಿ ಕೂತಿದ್ದ ದೊಡ್ಡ ದೊಡ್ಡ ಗಂಡಸರೇ ಅರ್ಧ ಎದ್ದರು. ಸಿಸ್ಟರಮ್ಮ ನಗಲಿಲ್ಲ. ನಾನು ಕೈಯನ್ನು ಸ್ಪಿರಿಟ್ಟಿನಿಂದ ಒರೆಸುವುದು ಮರೆತೆ ಅಂತ ತಪ್ಪು ಹುಡುಕಿದರು. ಆ ದಿನದಿಂದ ಅವರ ಬಗ್ಗೆ ಬರೆಯಬೇಕು ಅಂತ ಕೈ ತುರಿಸುತ್ತಿದೆ.

ನನ್ನ ಕಸುಬು ಮಿಮಿಕ್ರಿ. ಹಾಗಂತ ನಾನು ಅಂದುಕೊಂಡಿದ್ದೇನೆ, ನಮ್ಮಪ್ಪ ಅದಕ್ಕೆ ಬೇರೆ ಹೆಸರಿಟ್ಟಿದ್ದಾನೆ. ಆರ್ಕೆಸ್ಟ್ರಾದವರು ಕರೆದ ದಿನ ಕಲಾವಿದ, ಉಳಿದ ದಿನ ನರ್ಸಿಂಗ್ ಹೋಮಿನ ಎದುರಿಗಿದ್ದ ಕ್ಯಾಸೆಟ್ ಅಂಗಡಿಯಲ್ಲಿ ಸಿ.ಡಿ. ಒರೆಸುವವನು. ಕೂಡ್ಲಿಗಿ ಬಸ್‌ಸ್ಟ್ಯಾಂಡಿನ ಕಂಡಕ್ಟರು, ಹರಪನಹಳ್ಳಿಯ ನಮ್ಮ ಅತ್ತೆ, ಶೀತವಾದ ಎಮ್ಮೆ, ಹೀಗೆ ನನ್ನ ಗಂಟಲಿನಲ್ಲಿ ವಾಸಕ್ಕಿರುವವರು ಬಹಳ. ಅವರಲ್ಲಿ ಬಾಡಿಗೆ ಕೊಡದೆ ಖಾಯಂ ಆಗಿ ಉಳಿದವರು ಸಿಸ್ಟರಮ್ಮ.

ಅವರಿಗೊಂದು ಅಭ್ಯಾಸವಿತ್ತು. ಸೂಜಿ ಇನ್ನೂ ಕೈಯಲ್ಲಿರುವಾಗಲೇ "ಆತು, ಆತು, ಆಗೇ ಹೋತು" ಅನ್ನುವುದು. ಒಂದು ಸಲ ನಂಬಿ ಮೋಸಹೋದ ಮಗು ಎರಡನೇ ಸಲ ಆ ಮಾತಿಗೇ ಕಿರುಚುತ್ತಿತ್ತು. ಅವರ ಕೈ ಹಗುರ ಅಂತ ಡಾಕ್ಟರೇ ಹೇಳುತ್ತಿದ್ದರು, ಸುಳ್ಳಲ್ಲ. ಆದರೆ ಸೂಜಿಗಿಂತ ಮುಂಚೆ ಅವರ ಹೆಸರು ಚುಚ್ಚುತ್ತಿತ್ತಲ್ಲ. ಊರಿನ ತಾಯಂದಿರು ಅದನ್ನು ಮನೆಮದ್ದಿನಂತೆ ಬಳಸಿ ಬಳಸಿ ಹರಿತ ಮಾಡಿಟ್ಟಿದ್ದರು. ಉಣ್ಣುತ್ತೀಯೋ ಸಿಸ್ಟರಮ್ಮನ್ನ ಕರೆಯಲೋ ಅಂದರೆ ಸಾಕು, ತಟ್ಟೆ ಖಾಲಿ. ಸಂತೆಯಲ್ಲಿ ಅವರು ಬದನೆಕಾಯಿ ಆರಿಸುತ್ತಿದ್ದರೆ ಪಕ್ಕದ ಕೂಸು ತಾಯಿಯ ಸೀರೆಯೊಳಗೆ ನುಗ್ಗುತ್ತಿತ್ತು.

ಒಂದು ಮದುವೆ ಊಟದಲ್ಲಿ ನಾನೇ ಕಂಡಿದ್ದೇನೆ. ಪಂಕ್ತಿಯಲ್ಲಿ ಅವರ ಪಕ್ಕ ಕೂತ ಹುಡುಗ ಮುಖ ನೋಡಿದ್ದೇ ಹೋಳಿಗೆ ಬಿಟ್ಟು ಅಳುತ್ತ ಓಡಿದ. ಸಿಸ್ಟರಮ್ಮ ತಮ್ಮ ಎಲೆಯನ್ನು ಎರಡೂ ಕೈಯಲ್ಲಿ ಎತ್ತಿಕೊಂಡು, ಮಕ್ಕಳಿಲ್ಲದ ಕೊನೆಯ ಸಾಲಿಗೆ ಹೋಗಿ ಕೂತರು. ನಾನು ಹೋಗಿ ತಮಾಷೆ ಮಾಡಲು ನೋಡಿದೆ. ಅವರು ಹೋಳಿಗೆ ಮುರಿಯುತ್ತ, ನನ್ನ ಕಡೆ ನೋಡದೆ ಅಂದರು: "ಒಂದು ಕೂಸು. ಒಂದೇ ಒಂದು ಕೂಸು ನನ್ನ ಕೈಯಾಗ ಸೂಜಿ ತಗೊಂಡು ಅಳದಂಗ ಹೋದ್ರ ಸಾಕು ನೋಡಲೇ ಮಂಗ್ಯಾ. ಆಮ್ಯಾಲೆ ಮನಿಗೆ ಹೋಗಾಕ ನನಗ ಅಡ್ಡಿಯಿಲ್ಲ."

ಆ ಕೂಸನ್ನು ಹುಡುಕಿಕೊಂಡೇ ಅವರು ಗಾಜಿನ ತೊಟ್ಟಿಯ ಹತ್ತಿರ ಬಂದದ್ದು. ಡಾಕ್ಟರ ಭಾವಮೈದುನರು ಹುಬ್ಬಳ್ಳಿಯಿಂದ ತಂದುಕೊಟ್ಟ ಅಕ್ವೇರಿಯಂ ಅದು. ತಳದಲ್ಲಿ ನೀಲಿ ಕಲ್ಲು, ನಡುವೆ ಪ್ಲಾಸ್ಟಿಕ್ ಗಿಡ, ಬಾಯಿ ತೆರೆದು ಮುಚ್ಚುವ ಪ್ಲಾಸ್ಟಿಕ್ ಮೊಸಳೆ. ಮೀನು ಒಂದೊಂದಾಗಿ ಸತ್ತವು, ಗಿಡಕ್ಕೆ ಲೋಳೆ ಹಿಡಿಯಿತು, ಮೊಸಳೆ ಮಾತ್ರ ಆರೋಗ್ಯವಾಗಿತ್ತು. ಅದನ್ನು ಅಟ್ಟಕ್ಕೆ ಸಾಗಿಸುವ ಹೊತ್ತಿಗೆ ಸಿಸ್ಟರಮ್ಮ ಅಡ್ಡ ನಿಂತರು. ಕಿರುಚುತ್ತಿದ್ದ ಕೂಸೊಂದು ಉಳಿದಿದ್ದ ಒಂದೇ ಮೀನು ಎದುರು ಬಂದಾಗ ಅರ್ಧ ಕಿರುಚಿಗೇ ನಿಂತದ್ದನ್ನು ಅವರು ನೋಡಿದ್ದರಂತೆ. ಮೀನು ಅತ್ತ ಹೋಯಿತು, ಕೂಸು ಮತ್ತೆ ಶುರು ಮಾಡಿತು. "ಆ ನಡುವಿನ ಸಂದಿ ಐತಲ್ಲ, ನನಗ ಅಷ್ಟ ಸಾಕು" ಅನ್ನುತ್ತಿದ್ದರು.

ಡಾಕ್ಟರು ಒಳ್ಳೆಯವರು, ಆದರೆ ಹೊಸ ಸಾಮಾನಿನ ಮೋಹದವರು. ಮಕ್ಕಳಿಗಾಗಿ ಹೊಸ ಕೋಣೆ ಕಟ್ಟಿಸಿದ್ದರು. ಅದರ ಆರಂಭಕ್ಕೆ ಲಸಿಕೆ ಶಿಬಿರ, ಗೋಡೆಗೆ ದೊಡ್ಡ ಬಣ್ಣದ ಟಿ.ವಿ. ಅಂತ ಅವರ ಯೋಜನೆ. ಕಾರ್ಟೂನ್ ಸಿ.ಡಿ. ಸರಬರಾಜು ನನ್ನದು, ಹಾಗಾಗಿ ನಾನು ಟಿ.ವಿ. ಪಕ್ಷ. ಕ್ರಿಕೆಟ್ ಆಸೆಗೆ ಕಾಂಪೌಂಡರಣ್ಣನೂ ಟಿ.ವಿ. ಪಕ್ಷ. ತೊಟ್ಟಿಯ ಪಕ್ಷದಲ್ಲಿ ಸಿಸ್ಟರಮ್ಮ ಒಬ್ಬರೇ. ಕೊನೆಗೆ ಡಾಕ್ಟರು ತೀರ್ಪು ಕೊಟ್ಟರು: ಗೋಡೆಯ ಹತ್ತಿರ ಜಾಗ ಒಂದಕ್ಕೇ ಇದೆ, ಶಿಬಿರದ ದಿನ ತೊಟ್ಟಿ ಕಣ್ಣಿಗೆ ತಂಪಾಗಿ ಕಂಡು, ಮಕ್ಕಳು ಸುಮ್ಮನಾದರೆ ಅದು ಇರಲಿ, ಇಲ್ಲದಿದ್ದರೆ ಮೊಸಳೆ ಸಮೇತ ಅಟ್ಟಕ್ಕೆ.

ಸಿಸ್ಟರಮ್ಮ ಮೊದಲು ಮೊಸಳೆಯನ್ನು ಡಿಸ್ಚಾರ್ಜ್ ಮಾಡಿದರು, ನೀಲಿ ಕಲ್ಲು ತೆಗೆದು ಮರಳು ಹಾಕಿದರು. ಹಂಪಸಾಗರದ ಹಿನ್ನೀರಿನಿಂದ ರಿಬ್ಬನ್ನಿನಂಥ ಉದ್ದ ಹುಲ್ಲು, ಚಿಕ್ಕ ಎಲೆಯ ಕೆಂಪು ದಂಟಿನ ಗಿಡ, ಇನ್ನೂ ಯಾವುದೋ ಪಾಚಿಯಂಥದ್ದನ್ನು ಒದ್ದೆ ಗೋಣಿಯಲ್ಲಿ ಸುತ್ತಿಕೊಂಡು ಬಸ್ಸಿನಲ್ಲಿ ತಂದರು. ನೆಟ್ಟರು. ಕೆಲವೇ ದಿನಕ್ಕೆ ಎಲೆ ಹಳದಿಯಾಗಿ, ಕರಗಿ, ತೊಟ್ಟಿ ಹುಳಿ ಸಾರಿನಂತಾಯಿತು. ಮತ್ತೆ ತಂದರು, ಮತ್ತೆ ಕರಗಿತು. ಮೂರನೇ ಸಲ ಗೋಣಿ ಹಿಡಿದು ಬಸ್ಸಿಳಿದಾಗ ನಾನು ಅಂಗಡಿಯಿಂದಲೇ ಎಮ್ಮೆಯ ದನಿ ತೆಗೆದು, ಹುಲ್ಲು ನನಗೇ ಕೊಡ್ರಿ ಅಂದೆ. ಅವರು ತಿರುಗಿ ನೋಡಲಿಲ್ಲ. ತಿರುಗಿ ನೋಡದಿದ್ದರೆ ಲೆಕ್ಕ ಬಾಕಿ ಇದೆ ಅಂತಲೇ ಅರ್ಥ.

ಉಪಾಯ ಸಿಕ್ಕಿದ್ದು ತೊಟ್ಟಿಗೆ ಹೊಸ ಗಪ್ಪಿ ಮೀನು ತರಲು ಹೋದಾಗ, ದಾವಣಗೆರೆಯಲ್ಲಿ ಮೀನು ಮಾರುವ ಅಂಗಡಿಯವನಿಂದ. ಅವನ ತೊಟ್ಟಿಯಲ್ಲಿ ಹಸಿರು ಉಕ್ಕುತ್ತಿತ್ತಂತೆ. ಕೇಳಿದರೆ, ನಾವು ಉಸಿರು ಬಿಟ್ಟಾಗ ಹೊರಗೆ ಬರುವ ಗಾಳಿಯೇ ಗಿಡಕ್ಕೆ ಊಟ, ನೀರೊಳಗಿನ ಗಿಡಕ್ಕೆ ಅದು ಸಾಲುವುದಿಲ್ಲ, ಕಾರ್ಬನ್ ಡೈ ಆಕ್ಸೈಡ್ ಸಿಲಿಂಡರ್ ಇಡಬೇಕು ಅಂದ. ಸಿಲಿಂಡರಿನ ಮಾತು ಕೇಳಿ ಇವರು ಎದ್ದು ಹೊರಟಾಗ ಪಾಪ ಅನ್ನಿಸಿತೋ ಏನೋ, ಬಾಟಲಿಯಲ್ಲಿ ಸಕ್ಕರೆ ನೀರಿಗೆ ಬ್ರೆಡ್ಡಿನ ಯೀಸ್ಟ್ ಹಾಕಿದರೂ ಅದೇ ಗಾಳಿ ಹುಟ್ಟುತ್ತದೆ, ಒಂದು ನಳಿಕೆಯಲ್ಲಿ ತೊಟ್ಟಿಗೆ ಬಿಡಿ ಅಂದನಂತೆ. ನಳಿಕೆ ಅಂದ ಕೂಡಲೇ ಸಿಸ್ಟರಮ್ಮನಿಗೆ ಹೊಳೆಯಬೇಕಾದದ್ದು ಹೊಳೆಯಿತು.

ಮರುದಿನ ಕೊಟ್ಟೂರು ಕಂಡ ದೃಶ್ಯ ಇದು: ಸಲೈನ್ ಸ್ಟ್ಯಾಂಡಿಗೆ ಕೂಲ್‌ಡ್ರಿಂಕಿನ ದೊಡ್ಡ ಬಾಟಲಿ ಕಟ್ಟಿದೆ. ಒಳಗೆ ಮುಕ್ಕಾಲಿಗಿಂತ ಕಡಿಮೆ ಸಕ್ಕರೆ ನೀರು. ಮುಚ್ಚಳಕ್ಕೆ ತೂತು, ತೂತಿನೊಳಗೆ ಸಲೈನ್ ಪೈಪು, ಸಂದಿಗೆ ಎಂ-ಸೀಲ್. ಪೈಪಿನ ನಡುವಿನ ಹನಿ ಎಣಿಸುವ ಕೊಳವೆಯಲ್ಲಿ ಚೂರು ನೀರು, ಅದರಲ್ಲಿ ಹನಿಯ ಬದಲು ಗುಳ್ಳೆ. ಪೈಪಿನ ತುದಿ ತೊಟ್ಟಿಯೊಳಗೆ, ಬೋರಲು ನಿಲ್ಲಿಸಿದ ಟಾನಿಕ್ ಅಳೆಯುವ ಪುಟ್ಟ ಲೋಟದ ಕೆಳಗೆ. ಗುಳ್ಳೆ ಲೋಟದಲ್ಲಿ ಸಿಕ್ಕಿಕೊಂಡು ನಿಧಾನಕ್ಕೆ ನೀರಲ್ಲಿ ಕರಗಬೇಕು. ಮೇಲೆ ಬೆಳಕಿಗೆ ಡಾಕ್ಟರು ಮೂಲೆಗೆ ಹಾಕಿದ್ದ, ಎಕ್ಸ್‌ರೇ ನೋಡುವ ಹಳೇ ಡಬ್ಬಿ. ಸಲೈನ್ ಪೈಪಿಗೆ ಹನಿ ಹೆಚ್ಚು ಕಡಿಮೆ ಮಾಡುವ ಒತ್ತು ಚಕ್ರ ಇರುತ್ತದಲ್ಲ, ಅದನ್ನು ಪೂರಾ ತೆರೆದು ಮೇಲೆ ಪ್ಲಾಸ್ಟರ್ ಸುತ್ತಿದ್ದರು. ಗಾಳಿಗೆ ದಾರಿ ಮುಚ್ಚಿದರೆ ಬಾಟಲಿ ಸಿಡಿಯುತ್ತದೆ, ಮುಚ್ಚಿದವನ ಕೈಗೂ ಇದೇ ಪ್ಲಾಸ್ಟರು ಅಂತ ಎಚ್ಚರಿಕೆ ಕೊಟ್ಟರು. ಸಂಜೆ ಮನೆಗೆ ಹೋಗುವಾಗ ಪೈಪನ್ನು ನೀರಿಂದ ತೆಗೆದು ಮೇಲೆ ನೇತುಹಾಕುತ್ತಿದ್ದರು. ಕತ್ತಲಲ್ಲಿ ಗಿಡ ಉಣ್ಣುವುದಿಲ್ಲ, ಉಳಿದ ಗಾಳಿ ಮೀನಿನ ಉಸಿರು ಕಟ್ಟಿಸುತ್ತದೆ.

ಮೀನಿಗೆ ಸಲೈನ್ ಹಚ್ಚ್ಯಾರಂತ ಅಂತ ಕೂಡ್ಲಿಗಿ ತನಕ ಸುದ್ದಿ ಹೋಯಿತು. ಹಗರಿಬೊಮ್ಮನಹಳ್ಳಿಯಿಂದ ಜ್ವರದ ಪೇಷಂಟ್ ಜೊತೆ ಬಂದವರು ಪೇಷಂಟ್ ಬಿಟ್ಟು ತೊಟ್ಟಿ ನೋಡುತ್ತಿದ್ದರು. ಯಾಕಮ್ಮ, ಮೀನಿಗೆ ವಾಂತಿ ಭೇದಿ ಏನು ಅಂತ ಕೇಳಿದವರಿಗೆ ಸಿಸ್ಟರಮ್ಮ ಗಂಭೀರವಾಗಿ, ಮೀನು ಆರಾಮ್ ಐತಿ, ಹುಲ್ಲಿಗೆ ನಿಶ್ಶಕ್ತಿ ಅನ್ನುತ್ತಿದ್ದರು.

ಸುದ್ದಿಗಿಂತ ಜೋರಾಗಿ ಹೋದದ್ದು ವಾಸನೆ. ಸಕ್ಕರೆ, ಯೀಸ್ಟು, ಬಿಸಿಲು. ನೀವೇ ಲೆಕ್ಕ ಹಾಕಿ. ಕೈಗೆ ಡ್ರೆಸಿಂಗ್ ಮಾಡಿಸಲು ಬಂದ ಒಬ್ಬ ಹಿರಿಯರು ಮೂಗು ಅರಳಿಸಿ, ಬಾಟಲಿಯನ್ನೂ ಪೈಪನ್ನೂ ಭಕ್ತಿಯಿಂದ ನೋಡಿ, ಕಾಂಪೌಂಡರಣ್ಣನ ಕಿವಿಯಲ್ಲಿ ಕೇಳಿದರಂತೆ: "ಇದನ್ನ ಬಾಯಿಲಿ ಕೊಡಂಗಿಲ್ಲೇನ್ರಿ, ನರಕ್ಕ ಅಷ್ಟ ಹಚ್ಚೋದೇನು?"

ಇದು ನನಗೆ ಸಿಕ್ಕ ಬೆಣ್ಣೆ. ಒಂದು ಮಧ್ಯಾಹ್ನ ಸಿಸ್ಟರಮ್ಮ ಊಟಕ್ಕೆ ಹೋದಾಗ ಕಿಟಕಿಯ ಹೊರಗೆ ನಿಂತು, ಗಂಟಲು ದಪ್ಪ ಮಾಡಿ, ಬೂಟಿನ ಸದ್ದನ್ನೂ ಬಾಯಲ್ಲೇ ಮಾಡಿ, ಅಬಕಾರಿಯವರು ಬಂದಿದ್ದೇವೆ, ಒಳಗೆ ಏನು ಭಟ್ಟಿ ಇಳಿಸುತ್ತಿದ್ದೀರಿ ಅಂದೆ. ಕಾಂಪೌಂಡರಣ್ಣ ಕಿಟಕಿ ಕಡೆ ನೋಡಲೂ ಇಲ್ಲ. ಬಾಟಲಿ ಕಿತ್ತು ಮೋರಿಗೆ ಸುರಿದು, ಬಾಟಲಿಯನ್ನು ಎದೆಗೆ ಅವುಚಿಕೊಂಡು ಎಕ್ಸ್‌ರೇ ರೂಮಿನ ಕತ್ತಲಲ್ಲಿ ಕೂತುಬಿಟ್ಟ. ಹೊಸದಾಗಿ ಚಿಗುರಿದ್ದ ಗಿಡ ಮತ್ತೆ ಬಾಡಿತು.

ಸಿಸ್ಟರಮ್ಮ ಬೈಯಲಿಲ್ಲ. ಅಂಗಡಿಗೆ ಬಂದು, ಕೌಂಟರಿನ ಮೇಲೆ ಖಾಲಿ ಬಾಟಲಿ ಇಟ್ಟು, ಇನ್ನು ಮುಂದೆ ಇದರ ಬಾಣಂತನ ನಿನ್ನದು ಅಂದರು. ಅಂದಿನಿಂದ ಬೇಕರಿಯಿಂದ ಯೀಸ್ಟ್ ತರುವುದು, ಉಗುರುಬೆಚ್ಚಗಿನ ನೀರಲ್ಲಿ ಸಕ್ಕರೆ ಕದಡುವುದು, ಗುಳ್ಳೆ ಸೋತಾಗ ಬಾಟಲಿ ಬದಲಿಸುವುದು ನನ್ನ ಪಾಲಿಗೆ ಬಂತು. ಅವರು ಪಕ್ಕದಲ್ಲಿ ನಿಂತು ಗುಳ್ಳೆ ನೋಡುತ್ತಿದ್ದರು. ವಾಚು ನೋಡುತ್ತಿರಲಿಲ್ಲ. ತಮ್ಮ ಉಸಿರಿಗೆ ಒಂದು ಗುಳ್ಳೆ ಬಂದರೆ ಸರಿ, ಹೆಚ್ಚಾದರೆ ಜ್ವರ, ಕಡಿಮೆಯಾದರೆ ಸುಸ್ತು. ಬಾಟಲಿಯ ಮೇಲ್ಭಾಗ ಖಾಲಿ ಬಿಡಬೇಕು ಅಂತ ಪ್ರತಿ ಸಲ ಹೇಳುತ್ತಿದ್ದರು. ಯಾಕೆ ಅಂತ ನಾನು ಒಂದು ಸಲವೂ ಕೇಳಲಿಲ್ಲ. ಅಷ್ಟು ಹೊತ್ತಿಗೆ ಅವರು ಹೇಳುವ ಧಾಟಿಯನ್ನು ಮನಸ್ಸಲ್ಲೇ ಅನುಕರಿಸುವುದರಲ್ಲಿ ಇರುತ್ತಿದ್ದೆ.

ಗಿಡ ಈ ಸಲ ಹಿಡಿಯಿತು. ಉದ್ದ ಹುಲ್ಲು ನೀರಿನ ಮೇಲ್ಮೈಗೆ ಬಂದು ಅಡ್ಡ ಬಿದ್ದು ತೇಲಿತು. ಕೆಂಪು ದಂಟು ಕವಲೊಡೆಯಿತು. ಸಿಸ್ಟರಮ್ಮ ಹೊಲಿಗೆ ಬಿಚ್ಚುವ ಕತ್ತರಿಯಲ್ಲಿ ತುದಿ ಕತ್ತರಿಸಿ, ಇಕ್ಕಳದಲ್ಲಿ ಹಿಡಿದು ಮರಳಿಗೆ ಊರುತ್ತಿದ್ದರು, ಅಷ್ಟು ಹೊತ್ತೂ "ಆತು, ಆತು" ಅನ್ನುತ್ತ. ಗಿಡ ಒಂದೂ ಅಳಲಿಲ್ಲ. ನನಗೆ ತಿಳಿಯದ ಹಾಗೆ ನಾನು ಪಕ್ಷ ಬದಲಿಸಿದ್ದೆ.

ಪಕ್ಷ ಬದಲಿಸಿದವನಿಗೆ ನಿಷ್ಠೆ ಜಾಸ್ತಿ, ಬುದ್ಧಿ ಕಡಿಮೆ. ಶಿಬಿರದ ಹಿಂದಿನ ಸಂಜೆ ಹೊಸ ಬಾಟಲಿ ಕಟ್ಟಲು ಕೂತೆ. ನಾಳೆ ಹೊಸ ಕೋಣೆಯ ಪ್ರವೇಶ, ಶುಭಕಾರ್ಯ. ನಮ್ಮ ಮನೆಯಲ್ಲಿ ಶುಭಕ್ಕೆ ಅರೆ ಕೊಡ ಎದುರು ಬಂದರೆ ಅಜ್ಜಿ ಹೊರಟವರನ್ನು ಒಳಗೆ ಕರೆದು ಕೂರಿಸುತ್ತಾಳೆ. ತುಂಬಿದ ಕೊಡ ಬರಬೇಕು. ಶುಭಕ್ಕೆ ಸಕ್ಕರೆಗಿಂತ ಬೆಲ್ಲ ಶ್ರೇಷ್ಠ. ಹೀಗೆ ಶಾಸ್ತ್ರವನ್ನೂ ವಿಜ್ಞಾನವನ್ನೂ ಒಂದೇ ಬಾಟಲಿಯಲ್ಲಿ ಕಲಸಿ, ಬೆಲ್ಲದ ನೀರನ್ನು ಕತ್ತಿನ ತನಕ ತುಂಬಿಟ್ಟೆ. ಬೆಳಗ್ಗೆ ಯೀಸ್ಟನ್ನೂ ಧಾರಾಳವಾಗಿ ಹಾಕಿ, ಮುಚ್ಚಿ, ಸೈಕಲ್ಲಿನ ಹಿಂದೆ ಕಟ್ಟಿಕೊಂಡು, ಹೊಂಡ ಬಿದ್ದ ರಸ್ತೆಯಲ್ಲಿ ಚೆನ್ನಾಗಿ ಕುಲುಕಿಸಿಕೊಂಡು ಬಂದು, ಹಳೇ ಬಾಟಲಿ ಬಿಚ್ಚಿ ಇದನ್ನು ಪೈಪಿಗೆ ಸಿಕ್ಕಿಸಿ, ಬಾಗಿಲಿಗೆ ಮಾವಿನ ತೋರಣ ಕಟ್ಟಲು ಹೋದೆ.

ತುಂಬಿದ ಕೊಡ ತುಳುಕುವುದಿಲ್ಲ ಅನ್ನುವ ಗಾದೆ ಮಾಡಿದವರು ಕೊಡಕ್ಕೆ ಯೀಸ್ಟ್ ಹಾಕಿರಲಿಲ್ಲ. ತೋರಣ ಕಟ್ಟಿ ತಿರುಗಿದರೆ ಬಾಟಲಿಯೊಳಗೆ ಹಾಲು ಉಕ್ಕಿದಂತೆ ನೊರೆ ಏರಿದೆ, ಪೈಪಿನ ತುಂಬ ಗುಳ್ಳೆಯ ಬದಲು ಕಂದು ಕಷಾಯ ಇಳಿಯುತ್ತಿದೆ, ತೊಟ್ಟಿ ಚಹಾದಂತಾಗಿದೆ. ಗಪ್ಪಿಗಳು ಮೇಲೆ ಬಂದು ಬಾಯಿ ಬಾಯಿ ಬಿಡುತ್ತಿವೆ. ಒಂದು ಓರೆಯಾಗಿ ಈಜಿ, ಗಾಜಿಗೆ ಡಿಕ್ಕಿ ಹೊಡೆದು, ಮತ್ತೆ ಅದೇ ಗಾಜಿಗೆ ಬಂತು. ಆ ನಡಿಗೆ ನನಗೆ ಗುರುತಿತ್ತು, ನಮ್ಮ ಓಣಿಯಲ್ಲಿ ದಿನಾ ಸಂಜೆ ನೋಡುತ್ತೇನೆ.

ಅದೇ ಹೊತ್ತಿಗೆ ಚಪ್ಪಲಿಯ ಟಪಟಪ ಕೇಳಿತು. ನಾನು ತೋರಣದ ಕೆಳಗೆ ತೋರಣದ ಹಾಗೇ ನಿಂತೆ.

ಸಿಸ್ಟರಮ್ಮ ಒಂದು ಸಲ ತೊಟ್ಟಿ ನೋಡಿದರು, ಒಂದು ಸಲ ಬಾಟಲಿ ನೋಡಿದರು. ಪೈಪು ಕಿತ್ತೆಸೆದು ಸೆರಗು ಸಿಕ್ಕಿಸಿಕೊಂಡರು. "ಮೊದ್ಲು ಉಸಿರು, ಆಮ್ಯಾಲೆ ಬೈಗುಳ" ಅಂದರು. "ಕೊಡ ತಗೋ."

ಬೋರಿನ ನೀರನ್ನು ಅವರು ಮುಂಚೆಯೇ ಡ್ರಮ್ಮಿನಲ್ಲಿ ತಂಗಿಸಿ ಇಟ್ಟಿರುತ್ತಿದ್ದರು. ಮೀನುಗಳನ್ನು ಚಹಾ ಸೋಸುವ ಜಾಲರಿಯಲ್ಲಿ ಎತ್ತಿ ಟಬ್ಬಿಗೆ ಬಿಟ್ಟು, ತೊಟ್ಟಿಯ ನೀರನ್ನು ಪೈಪಿನಲ್ಲಿ ಎಳೆದು ಹೊರಗೆ ಹಾಕಿದರು. ನನಗೆ ಹೆಗಲ ಎತ್ತರದಿಂದ ಟಬ್ಬಿಗೆ ಧಾರೆ ಸುರಿಯುವ ಕೆಲಸ, ಎತ್ತರದಿಂದ ಬಿದ್ದರೆ ನೀರಿಗೆ ಗಾಳಿ ಬೆರೆಯುತ್ತದೆ. ತೊಟ್ಟಿಗೆ ಹೊಸ ನೀರು ಹೊರಲು ಇನ್ನೊಬ್ಬರು ಬೇಕಾಗಿತ್ತು. ನೋಡಿದರೆ ಟಿ.ವಿ. ಪಕ್ಷದ ಕಾಂಪೌಂಡರಣ್ಣ ಬಿಳಿ ಕೋಟು ಬಿಚ್ಚಿ, ಪ್ಯಾಂಟು ಮಡಚಿ, ಕೊಡ ಎತ್ತಿಕೊಂಡು ಬಂದ. ಓರೆ ಈಜುತ್ತಿದ್ದ ಗಪ್ಪಿ ನೆಟ್ಟಗಾದಾಗ ಮೊದಲು ಉಸಿರು ಬಿಟ್ಟವನೂ ಅವನೇ. ಸಿಸ್ಟರಮ್ಮ ಮೀನುಗಳನ್ನು ವಾಪಸು ಬಿಟ್ಟು, ಹಳೇ ಬಾಟಲಿಯನ್ನೇ ಸಿಕ್ಕಿಸಿ, ಎಕ್ಸ್‌ರೇ ಡಬ್ಬಿಯ ಲೈಟು ಹಾಕಿದರು. ಆಮೇಲೆ ನನ್ನ ಕಡೆ ತಿರುಗಿ ಬೈಗುಳದ ಬಾಕಿ ತೀರಿಸಿದರು. ಅದನ್ನು ಬರೆಯುವುದಿಲ್ಲ. ಮಿಮಿಕ್ರಿಯಲ್ಲೂ ಮಾಡುವುದಿಲ್ಲ, ಹೆಂಗಸರು ಇರುತ್ತಾರೆ.

ಡಾಕ್ಟರು ಬರುವ ಹೊತ್ತಿಗೆ ಕೋಣೆ ತುಂಬ ತಾಯಂದಿರು, ಕಂಕುಳ ತುಂಬ ಮಕ್ಕಳು. ಟಿ.ವಿ.ಯನ್ನು ಮೇಜಿನ ಮೇಲಿಟ್ಟು ಕಾರ್ಟೂನ್ ಹಾಕಿದರು. ಮಕ್ಕಳು ನೋಡಿದವು, ನಿಜ. ಸಿಸ್ಟರಮ್ಮ ಸೂಜಿ ಹಿಡಿದು ಬಂದ ಕೂಡಲೇ ಅದನ್ನು ಬಿಟ್ಟು ಇವರನ್ನು ನೋಡಿದವು. ಒಂದು ಕಿರುಚಿತು, ಅದನ್ನು ನೋಡಿ ಹೆಚ್ಚುಕಡಿಮೆ ಎಲ್ಲ ಕಿರುಚಿದವು. ಡಾಕ್ಟರು ದನಿ ಹೆಚ್ಚಿಸಿದರು, ಮಕ್ಕಳೂ ಹೆಚ್ಚಿಸಿದವು.

ಪ್ರಾಯಶ್ಚಿತ್ತಕ್ಕೆ ಇದೇ ಸಮಯ ಅಂತ ನಾನು ತೊಟ್ಟಿಯ ಹಿಂದೆ ಬಗ್ಗಿ, ಕುಡಿದ ಮೀನಿನ ದನಿಯಲ್ಲಿ ಹಾಡು ಶುರು ಮಾಡಿದೆ. ಅಳದೆ ಉಳಿದಿದ್ದ ಇಬ್ಬರೂ ಅಳತೊಡಗಿದರು. ಸಿಸ್ಟರಮ್ಮ ನನ್ನ ಕೊರಳಪಟ್ಟಿ ಹಿಡಿದು ಪಕ್ಕಕ್ಕೆ ಸರಿಸಿ, ಕಿಟಕಿಯ ಪರದೆ ಎಳೆದು ತೆರೆದರು.

ಬಿಸಿಲು ನೇರವಾಗಿ ತೊಟ್ಟಿಗೆ ಬಿತ್ತು. ಹೊಸ ನೀರಿಗೋ, ಬಿಸಿಲಿಗೋ, ಇಷ್ಟು ದಿನ ಹೊಟ್ಟೆ ತುಂಬ ಉಂಡದ್ದಕ್ಕೋ, ಗಿಡಗಳು ಆ ದಿನ ಮನಸ್ಸು ಮಾಡಿದವು. ಒಂದೊಂದು ಎಲೆಯ ಅಂಚಿನಲ್ಲೂ ಸಾಸಿವೆ ಕಾಳಿನಷ್ಟು ಬೆಳ್ಳಿಯ ಮಣಿ. ನೋಡುತ್ತಿದ್ದಂತೆ ಮಣಿ ದಪ್ಪವಾಗಿ, ಎಲೆ ಬಿಟ್ಟು, ಸರದ ಹಾಗೆ ಒಂದರ ಹಿಂದೆ ಒಂದು ಮೇಲಕ್ಕೆ ಹೋಯಿತು. ಕೆಂಪು ದಂಟಿನಿಂದ ಒಂದು ಸರ, ಉದ್ದ ಹುಲ್ಲಿನಿಂದ ಹತ್ತಾರು. ಅದರ ನಡುವೆ ಈಗಷ್ಟೇ ಅಮಲಿಳಿದ ಗಪ್ಪಿಗಳು ಬಣ್ಣದ ಬಾಲ ಬಿಚ್ಚಿಕೊಂಡು ಹಾದುಹೋದವು.

ಕೂಡ್ಲಿಗಿ ಕಡೆಯ ಕುರಿ ಕಾಯುವ ಮನೆಯ ಒಬ್ಬ ಅಜ್ಜಿ ಮೊಮ್ಮಗಳನ್ನು ಎತ್ತಿಕೊಂಡು ಮುಂದೆ ನಿಂತಿದ್ದಳು. ಹುಡುಗಿ ಅಳುತ್ತಿದ್ದ ಬಾಯಿಯನ್ನು ಮುಚ್ಚುವುದೇ ಮರೆತು ಗಾಜಿಗೆ ಮೂಗು ಒತ್ತಿದಳು. "ಅಜ್ಜೀ, ಹುಲ್ಲು ಉಸಿರಾಡ್ತೈತಿ ನೋಡು" ಅಂದಳು.

ಸಿಸ್ಟರಮ್ಮ ಸದ್ದಿಲ್ಲದೆ ಹಿಂದೆ ಬಂದು ಕೂತರು. ಸ್ಪಿರಿಟ್ ಹಚ್ಚಿದರು. ಸೂಜಿ ಹೋಯಿತು, ಬಂತು. ಹುಡುಗಿ ತಿರುಗಲಿಲ್ಲ. ತೋಳಿನ ಮೇಲೆ ಕೂತ ನೊಣ ಓಡಿಸುವಂತೆ ಒಂದು ಸಲ ಕೈ ಒದರಿದಳು, ಅಷ್ಟೇ. ಸಿಸ್ಟರಮ್ಮ ಹತ್ತಿ ಒತ್ತಿ ಹಿಡಿದು, ಕೆಲಸವೆಲ್ಲ ಮುಗಿದ ಮೇಲೆ, ಇಷ್ಟು ವರ್ಷದಲ್ಲಿ ಮೊದಲ ಸಲ ಸುಳ್ಳಿಲ್ಲದೆ "ಆತು" ಅಂದರು. ಹುಡುಗಿ ಗಾಜಿನಿಂದ ಕಣ್ಣು ಕೀಳದೆ, ಇನ್ನೊಂದು ಗುಳ್ಳಿ ಬರತೈತಿ, ಸುಮ್ನಿರು ಅಂತ ಅವರನ್ನೇ ಗದರಿಸಿದಳು.

ಆಮೇಲೆ ಬಂದ ಮಕ್ಕಳಲ್ಲಿ ಅತ್ತವರಿದ್ದಾರೆ, ಇಲ್ಲ ಅನ್ನುವುದಿಲ್ಲ. ಆದರೆ ಸರದಿ ತೊಟ್ಟಿಯ ಮುಂದೆ ನಿಂತಿತು, ಸೂಜಿಯಾದ ಮಕ್ಕಳೂ ಮತ್ತೆ ಸರದಿಯ ಕೊನೆಗೆ ಹೋಗಿ ಸೇರಿಕೊಂಡವು, ಅವುಗಳನ್ನು ಹೊರಗೆ ಹಾಕುವುದೇ ಕಾಂಪೌಂಡರಣ್ಣನಿಗೆ ಕೆಲಸವಾಯಿತು. ಒಂದು ಪೋರ ಸಿಸ್ಟರಮ್ಮನ ಸೆರಗು ಹಿಡಿದು ಎಳೆದು, ನನ್ನನ್ನ ಎತ್ತಿಕೋ, ಮೀನು ಕಾಣವಲ್ದು ಅಂದ. ಎತ್ತಿಕೊಂಡರು. ಒಂದು ಕಂಕುಳಲ್ಲಿ ಅವನು, ಇನ್ನೊಂದು ಕೈಯಲ್ಲಿ ಹತ್ತಿ, ಸೆರಗು ಅಸ್ತವ್ಯಸ್ತ. ಆ ಭಂಗಿಯನ್ನು ನಾನು ಎಷ್ಟು ಸಲ ಪ್ರಯತ್ನಿಸಿದರೂ ಮಾಡಲು ಬಂದಿಲ್ಲ.

ಟಿ.ವಿ.ಯೊಳಗಿನ ಇಲಿ ಬೆಕ್ಕು ಯಾರೂ ನೋಡದಿದ್ದರೂ ಪ್ರಾಮಾಣಿಕವಾಗಿ ಓಡಾಡುತ್ತಿದ್ದವು. ಡಾಕ್ಟರು ಕೊನೆಗೆ ತಾವೇ ಅದನ್ನು ಆರಿಸಿ, ಸೋತರೂ ನಗುತ್ತಲೇ, ಎಲ್ಲರೆದುರು ಕೇಳಿದರು: "ಹಂಗಾದ್ರ ಇಷ್ಟು ದೊಡ್ಡ ಟಿ.ವಿ. ಎಲ್ಲಿ ಇಡೋಣ್ರಿ ಸಿಸ್ಟರ್?"

ಸಿಸ್ಟರಮ್ಮ ಕಂಕುಳಲ್ಲಿದ್ದ ಪೋರನನ್ನು ಇನ್ನಷ್ಟು ಮೇಲಕ್ಕೆ ಎತ್ತಿ ಹಿಡಿದು, ಗುಳ್ಳೆಗಳಿಂದ ಕಣ್ಣು ತೆಗೆಯದೆ ಹೇಳಿದರು:

"ನಿಮ್ಮ ರೂಮಿನಾಗ ಇಡ್ರಿ ಸರ್. ನೀವು ಫೀಸು ಹೇಳಿದಾಗ ಪೇಷಂಟ್ ಅತ್ತರ ನೋಡಾಕ ಏನಾರ ಬೇಕಲ್ಲ."